ಬೀಜದೋಷವೂ ಹೃದ್ರೋಗವೂ

ಚರಕಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಭರದ್ವಾಜನು ಆತ್ರೇಯನ ಮುಂದೆ ಒಂದು ಆಕ್ಷೇಪವನ್ನಿಡುತ್ತಾನೆ. ಮನುಷ್ಯನು ಮನುಷ್ಯನಿಂದಲೇ ಹುಟ್ಟುವುದು ನಿಜವಾದರೆ, ಕುರುಡನ ಮಗನು ಕುರುಡನಾಗಿಯೂ ಮೂಗನ ಮಗನು ಮೂಗನಾಗಿಯೂ ಏಕೆ ಹುಟ್ಟಬಾರದು ಎಂಬುದು ಅದರ ತಿರುಳು. ಆತ್ರೇಯನ ಸಮಾಧಾನವೇನೆಂದರೆ, ತಂದೆತಾಯಿಗಳ ಯಾವ ಅಂಗವು ಕೆಟ್ಟಿದೆಯೆಂಬುದು ಇಲ್ಲಿ ಪ್ರಧಾನವಲ್ಲ. ಬೀಜದಲ್ಲಿ ಯಾವ ಅಂಗಕ್ಕೆ ಕಾರಣವಾದ ಭಾಗವು ಕೆಟ್ಟಿದೆಯೋ ಆ ಅಂಗವೇ ಶಿಶುವಿನಲ್ಲಿ ವಿಕಾರವನ್ನು ಹೊಂದುವುದು, ಕೆಡದಿದ್ದರೆ ಇಲ್ಲ. ಮುಂದಿನ ಅಧ್ಯಾಯದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ಮೂರು ಮೆಟ್ಟಿಲುಗಳು ಕಾಣಬರುತ್ತವೆ. ಇಷ್ಟನ್ನೇ ಹಿಡಿದುಕೊಂಡು, ಈಚಿನ ಜೀನುಗಳ ಶಾಸ್ತ್ರವೆಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾರುವವರ ಪಂಕ್ತಿಯಲ್ಲಿ ನಾನು ಕುಳಿತುಕೊಳ್ಳಲಾರೆನು. ನಮ್ಮ ಹಿರಿಯರು ಪ್ರಶ್ನೆಯನ್ನು ಸರಿಯಾಗಿ ಕೇಳಿದರು. ಉತ್ತರವನ್ನು ಪ್ರಮಾಣಸಹಿತವಾಗಿ ತೋರಿಸಿದವರು ಈಚಿನ ಶೋಧಕರು. ಆ ಶೋಧನೆಗಳಲ್ಲಿ ಕೆಲವು ನಮ್ಮ ಬೆಂಗಳೂರು ಮೈಸೂರುಗಳಲ್ಲಿಯೇ ನಡೆದಿರುವುದರಿಂದ ಅವುಗಳ ವಿಚಾರವನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡಲು ಮನಸ್ಸು ಮಾಡಿದ್ದೇನೆ.

ಈ ವಿಷಯಕ್ಕೆ ನಾನು ಕೈಹಾಕಿದ್ದು ಬರಿಯ ಕುತೂಹಲದಿಂದಲ್ಲ. ಹಲಸೂರಿನಲ್ಲಿ ಸೋಮೇಶ್ವರ ದೇವಾಲಯಕ್ಕೆ ಅನತಿದೂರದಲ್ಲಿ ವಾಸವಾಗಿದ್ದ ನನ್ನ ತಮ್ಮನು ತನ್ನ ೪೬ನೆಯ ವಯಸ್ಸಿನಲ್ಲಿ ಎದೆನೋವಿನಿಂದ ಆಸ್ಪತ್ರೆಯನ್ನು ಸೇರಿ ಎರಡನೆಯ ದಿನ ತೀರಿಕೊಂಡನು. ಹೃದಯಕ್ಕೆ ರಕ್ತವನ್ನು ಕೊಡುವ ಧಮನಿಗಳಲ್ಲಿ ಎರಡು ಕಟ್ಟಿಹೋಗಿದ್ದವೆಂದು ವೈದ್ಯರು ಹೇಳಿದರು. ಅವನು ಬೀಡಿ ಸಿಗರೇಟುಗಳನ್ನು ಮುಟ್ಟಿದವನಲ್ಲ, ಮಾಂಸವನ್ನು ತಿಂದವನಲ್ಲ. ಕೈಕಾಲುಗಳು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಶಿವಾಜಿನಗರದ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಬೆಳಗಿನಿಂದ ರಾತ್ರಿಯವರೆಗೆ ಕುಳಿತೇ ಇರುತ್ತಿದ್ದನು. ನಮ್ಮ ತಂದೆಯವರೂ ೫೧ರಲ್ಲಿ ಹೀಗೆಯೇ ಹೋದವರು. ಸಂತಾಪ ಹೇಳಲು ಬಂದವರೆಲ್ಲರೂ ವಂಶದಲ್ಲಿ ಬಂದದ್ದನ್ನು ಯಾರು ತಪ್ಪಿಸಲಾದೀತು ಎಂದು ಹೇಳಿ ಹೋದರು.

ಎರಡು ವರ್ಷಗಳ ಬಳಿಕ ತಮ್ಮನ ಮಗನಿಗೆ ಕೃಷ್ಣರಾಜಪುರದ ಒಂದು ಮನೆಯಿಂದ ಹೆಣ್ಣು ಕೊಡುವ ಮಾತು ಬಂದಿತು. ಅಷ್ಟರಲ್ಲಿ ಹುಡುಗನು, ಉಗುಳನ್ನು ಸಣ್ಣ ಸೀಸೆಯಲ್ಲಿ ತುಂಬಿ ಕಳುಹಿಸಿದರೆ ಪರೀಕ್ಷಿಸಿ ಹೇಳುವ ಒಂದು ಸಂಸ್ಥೆಯಿಂದ ವರದಿಯನ್ನು ತರಿಸಿಕೊಂಡಿದ್ದನು. ಹೃದಯದ ಜೀನೊಂದರಲ್ಲಿ ೨೫ ಅಕ್ಷರಗಳು ಲೋಪವಾಗಿವೆ, ಹೃದ್ರೋಗದ ಅಪಾಯವು ಏಳರಷ್ಟು ಹೆಚ್ಚು ಎಂದು ಅದರಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. “ದೊಡ್ಡಪ್ಪ, ಇದನ್ನು ಅವರ ಮನೆಯವರಿಗೆ ತೋರಿಸಬೇಕೋ ಬೇಡವೋ, ನೀವೇ ಹೇಳಿಬಿಡಿ” ಎಂದು ಆ ಕಾಗದವನ್ನು ನನ್ನ ಕೈಯಲ್ಲಿಟ್ಟನು. ಹೇಳಲು ನನಗೆ ತಿಳಿದಿದ್ದರಲ್ಲವೇ? ದಂಡಿನಲ್ಲಿ ವೈದ್ಯವೃತ್ತಿಯನ್ನು ಮಾಡಿಕೊಂಡಿರುವ ಮಿತ್ರರೊಬ್ಬರ ಬಳಿ ಆರು ತಿಂಗಳು ಭಾನುವಾರಗಳಂದು ಕುಳಿತು ಕೇಳಿ, ಅವರು ಕೊಟ್ಟ ಪ್ರಬಂಧಗಳನ್ನು ಓದಿಸಿಕೊಂಡು ತಿಳಿದದ್ದು ಇದು.

ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಬೇಕು. ಹೃದ್ರೋಗವೆಂಬ ಒಂದೇ ಪದದಿಂದ ನಾವು ಭಿನ್ನವಾದ ರೋಗಗಳನ್ನು ಕರೆಯುತ್ತೇವೆ. ಹೃದಯವೆಂಬ ಸ್ನಾಯುವಿಗೆ ರಕ್ತವನ್ನು ತರುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ, ಒಂದು ದಿನ ಅಲ್ಲಿ ಹೆಪ್ಪುಗಟ್ಟಿ, ದಾರಿ ಮುಚ್ಚುವುದು ಒಂದು. ಧಮನಿಗಳು ತೆರೆದಿದ್ದರೂ ಸ್ನಾಯುವೇ ತನ್ನ ರಚನೆಯ ದೋಷದಿಂದ ದಪ್ಪವಾಗುವುದು ಇಲ್ಲವೆ ಸಡಿಲವಾಗಿ ಹಿಗ್ಗುವುದು ಮತ್ತೊಂದು. ನನ್ನ ತಮ್ಮನು ತೀರಿಕೊಂಡದ್ದು ಮೊದಲನೆಯದರಿಂದ. ಅವನ ಮಗನ ಕೈಯಲ್ಲಿದ್ದ ಕಾಗದವು ಹೇಳುತ್ತಿದ್ದುದು ಎರಡನೆಯದರ ವಿಚಾರವನ್ನು. ತಂದೆಯ ಮರಣಕ್ಕೂ ಮಗನ ವರದಿಗೂ ನಡುವೆ ಕಾರ್ಯಕಾರಣಭಾವವೇ ಇರಲಿಲ್ಲ. ಆ ವರದಿಯನ್ನು ಬರೆದವರು ಈ ಒಂದು ವಾಕ್ಯವನ್ನು ಸೇರಿಸಿದ್ದರೆ ಒಂದು ಮನೆಯ ಆರು ತಿಂಗಳ ನಿದ್ದೆ ಉಳಿಯುತ್ತಿತ್ತು.

ಇನ್ನು ಆ ೨೫ ಅಕ್ಷರಗಳ ಕಥೆ. ನಮ್ಮ ಜೀವಕೋಶಗಳಲ್ಲಿರುವ ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಮಹಾಗ್ರಂಥ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿಯೊಬ್ಬನಲ್ಲಿಯೂ ಎರಡು ಪ್ರತಿಗಳಿರುತ್ತವೆ. ಹನ್ನೊಂದನೆಯ ವರ್ಣತಂತುವಿನಲ್ಲಿ ಎಂವೈಬಿಪಿಸಿ೩ ಎಂಬ ಒಂದು ಜೀನು ಇದೆ. ಹೃದಯದ ಸ್ನಾಯುತಂತುಗಳ ಎಳೆತ ಸಡಿಲಿಕೆಗಳನ್ನು ಹದದಲ್ಲಿಡುವ ಒಂದು ಪ್ರೋಟೀನಿಗೆ ಇದು ಮೂಲಪಾಠ. ಈ ಬರಹದಲ್ಲಿ ಅರ್ಥವುಳ್ಳ ಭಾಗಗಳ ನಡುನಡುವೆ ಪ್ರೋಟೀನಿಗೆ ಸೇರದ ಭಾಗಗಳಿದ್ದು, ಜೀವಕೋಶವು ಅವನ್ನು ಕತ್ತರಿಸಿ ತೆಗೆದು ಉಳಿದುದನ್ನು ಜೋಡಿಸಿಕೊಳ್ಳುತ್ತದೆ. ಎಲ್ಲಿ ಕತ್ತರಿಸಬೇಕೆಂಬ ಗುರುತು ಆ ಸೇರದ ಭಾಗದಲ್ಲಿಯೇ ಇರುತ್ತದೆ. ಮೇಲೆ ಹೇಳಿದ ಲೋಪವಾದದ್ದು ಅಂತಹ ಒಂದು ಗುರುತಿನ ಜಾಗದಲ್ಲಿ. ಗುರುತು ತಪ್ಪಿದರೆ ಪಕ್ಕದ ಅರ್ಥವುಳ್ಳ ತುಂಡೂ ಕತ್ತರಿಸಿಹೋಗುವ ಸಂಭವವುಂಟು.

ಹೈದರಾಬಾದಿನ ಕುಮಾರಸಾಮಿ ತಂಗರಾಜ್, ಪೆರುಂದುರೈ ದಂಡಪಾಣಿ ಮೊದಲಾದವರು ೨೦೦೯ರಲ್ಲಿ ಈ ಲೋಪವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸ್ನಾಯುವಿಕಾರದ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿದಾಗ ಲೋಪವು ರೋಗಿಗಳಲ್ಲಿ ಬಹಳ ಹೆಚ್ಚಾಗಿ ಕಂಡಿತು; ಅನುಪಾತವು ಏಳರ ಹತ್ತಿರ ಬಂದಿತು. ಬಳಿಕ ಭಾರತದ ೧೦೭ ಜನಸಮುದಾಯಗಳ ೬೦೦೦ಕ್ಕೂ ಮೇಲ್ಪಟ್ಟ ಜನರನ್ನು ಪರೀಕ್ಷಿಸಲಾಗಿ, ನೂರರಲ್ಲಿ ಸುಮಾರು ನಾಲ್ಕು ಜನರಲ್ಲಿ ಅದು ಇದ್ದುದು ಗೊತ್ತಾಯಿತು. ಸುಮಾರು ೩೩,೦೦೦ ವರ್ಷಗಳ ಹಿಂದೆ ಈ ನೆಲದಲ್ಲಿಯೇ ಹುಟ್ಟಿದ ಲೋಪವಿದೆಂದು ಅವರು ಗಣಿಸಿದರು. ದಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾಸಂಸ್ಥೆಗೆ ಬಂದು ಹೃದಯದ ಅನುವಂಶೀಯ ರೋಗಗಳನ್ನೇ ಶೋಧಿಸುತ್ತ ಬಂದರು.

ವೃತ್ತಪತ್ರಿಕೆಗಳು ಇಪ್ಪತ್ತೈದರಲ್ಲಿ ಒಬ್ಬ ಭಾರತೀಯನ ಹೃದಯಕ್ಕೆ ಗಂಡಾಂತರವೆಂದು ಸಾರಿದವು. ಆದರೆ ವೈದ್ಯಮಿತ್ರರು ನನ್ನನ್ನು ಕೇಳಿದರು: “ಪಂಡಿತರೇ, ಇಪ್ಪತ್ತೈದರಲ್ಲಿ ಒಬ್ಬರಿಗೆ ಲೋಪವಿರುವುದಾದರೆ, ಸ್ನಾಯು ದಪ್ಪವಾಗುವ ರೋಗವು ಐನೂರರಲ್ಲಿ ಒಬ್ಬರಿಗೆ ಮಾತ್ರ ಕಾಣುವುದೇಕೆ?” ಇದಕ್ಕೆ ಉತ್ತರವು ೨೦೧೮ರಿಂದ ಈಚೆಗೆ ಬರತೊಡಗಿತು. ೨೦೨೦ರಲ್ಲಿ ಪ್ರಕಟವಾದ ಮರುಪರಿಶೋಧನೆಯೊಂದರಲ್ಲಿ, ಲೋಪವುಳ್ಳವರ ಒಂದು ಸಣ್ಣ ಗುಂಪಿನಲ್ಲಿ ಅದೇ ಜೀನಿನಲ್ಲಿ ಬೇರೊಂದು ಕಡೆ ಒಂದೇ ಅಕ್ಷರದ ವ್ಯತ್ಯಾಸವಿರುವುದೆಂದೂ, ಅದು ಆ ಲೋಪದ ಜೊತೆಯಲ್ಲಿಯೇ ವಂಶದಲ್ಲಿ ಸಾಗಿಬರುವುದೆಂದೂ, ಸ್ನಾಯು ದಪ್ಪವಾಗುವ ರೋಗದ ಹೆಚ್ಚಳಕ್ಕೆ ಕಾರಣವು ಅದೇ ಹೊರತು ೨೫ ಅಕ್ಷರಗಳ ಲೋಪವಲ್ಲವೆಂದೂ ತೋರಿಸಿದರು.

ತಾಳೆಗರಿಗಳನ್ನು ಹೋಲಿಸಿ ಪಾಠವನ್ನು ಶೋಧಿಸುವವರಿಗೆ ಇದು ಪರಿಚಿತವಾದ ಸಂಗತಿ. ಒಂದು ಮೂಲಪ್ರತಿಯಲ್ಲಿ ೨೫ ಅಕ್ಷರಗಳು ಹುಳು ತಿಂದು ಹೋದವೆಂದಿಟ್ಟುಕೊಳ್ಳೋಣ. ಅದರಿಂದ ಇಳಿದ ಪ್ರತಿಗಳೆಲ್ಲದರಲ್ಲಿಯೂ ಆ ಲೋಪವಿರುವುದು. ಅಂತಹ ಪ್ರತಿಗಳಲ್ಲಿ ಒಂದನ್ನು ನಕಲು ಮಾಡಿದ ಲಿಪಿಕಾರನು ಬೇರೊಂದು ಪುಟದಲ್ಲಿ ಒಂದಕ್ಷರವನ್ನು ತಪ್ಪಿ ಬರೆದು ಅರ್ಥವನ್ನೇ ಕೆಡಿಸಿದನು. ಅರ್ಥ ಕೆಟ್ಟ ಪ್ರತಿಗಳನ್ನು ಒಟ್ಟುಗೂಡಿಸಿ ನೋಡುವವನಿಗೆ ಎಲ್ಲದರಲ್ಲಿಯೂ ಲೋಪವು ಕಾಣುವುದರಿಂದ, ಅನರ್ಥಕ್ಕೆ ಲೋಪವೇ ಕಾರಣವೆಂದು ಅವನು ನಿಶ್ಚಯಿಸುತ್ತಾನೆ. ಲೋಪವಿದ್ದೂ ಅರ್ಥ ಕೆಡದ ನೂರು ಪ್ರತಿಗಳನ್ನು ತೆರೆದು ನೋಡಿದ ಮೇಲೆಯೇ ನಿಜವು ಹೊರಬೀಳುವುದು. ಹಾಗೆಂದು ಲೋಪವು ಸಂಪೂರ್ಣವಾಗಿ ನಿರ್ದೋಷಿಯೆಂದು ಎಲ್ಲರೂ ಒಪ್ಪಿದ್ದಾರೆಂದಲ್ಲ. ಬೇರೆ ಭಾರಗಳು ಹೃದಯದ ಮೇಲೆ ಬಿದ್ದಾಗ ಅದು ಏನು ಮಾಡುವುದೆಂಬ ವಿಚಾರ ನಡೆಯುತ್ತಲೇ ಇದೆ. ಆದರೆ ನಮ್ಮ ಹುಡುಗನಿಗೆ ಬಂದ ವರದಿಯಲ್ಲಿ ೨೦೦೯ರ ಮಾತು ಮಾತ್ರವೇ ಇದ್ದಿತು.

ಈಗ ತಮ್ಮನನ್ನು ಕೊಂಡೊಯ್ದ ಧಮನೀರೋಗಕ್ಕೆ ಬರೋಣ. ಇಲ್ಲಿಯೂ ಒಂದೇ ಜೀನಿನ ದೋಷದಿಂದ ಬರುವ ಒಂದು ಬಗೆಯುಂಟು. ರಕ್ತದಲ್ಲಿಯ ಕೆಟ್ಟ ಕೊಲೆಸ್ಟೆರಾಲನ್ನು ಹಿಡಿದು ಯಕೃತ್ತಿನೊಳಕ್ಕೆ ಎಳೆದುಕೊಳ್ಳುವ ಗ್ರಾಹಕವನ್ನು ಕಂಡುಹಿಡಿದುದಕ್ಕಾಗಿ ಅಮೆರಿಕದ ಬ್ರೌನ್, ಗೋಲ್ಡ್‌ಸ್ಟೈನ್ ಇಬ್ಬರಿಗೆ ೧೯೮೫ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಗ್ರಾಹಕದ ಎರಡು ಪಾಠಗಳಲ್ಲಿ ಒಂದು ಕೆಟ್ಟಿದ್ದರೆ ಎಳೆವಯಸ್ಸಿನಿಂದಲೇ ಕೊಲೆಸ್ಟೆರಾಲು ಏರಿರುವುದು. ಎರಡೂ ಕೆಟ್ಟಿದ್ದರೆ ಮಕ್ಕಳಿಗೇ ಹೃದಯಾಘಾತವಾಗುವುದುಂಟು. ಎರಡೂ ಕೆಡಲು ತಂದೆತಾಯಿಗಳಿಬ್ಬರಲ್ಲಿಯೂ ದೋಷವಿರಬೇಕಷ್ಟೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಮಾವನ ಮಗಳನ್ನು ತರುವ ರೂಢಿಯು ನಮ್ಮಲ್ಲಿ ಪ್ರಬಲ. ಬೌಧಾಯನನೂ ಮಾವನ ಮಗಳನ್ನು ಮದುವೆಯಾಗುವುದನ್ನು ದಾಕ್ಷಿಣಾತ್ಯರ ಆಚಾರಗಳಲ್ಲಿ ಒಂದೆಂದು ಎಣಿಸಿದ್ದಾನೆ. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಭಾರತೀಯ ವಿಜ್ಞಾನಸಂಸ್ಥೆಯ ಅಪ್ಪಾಜಿರಾಯರೂ ಬಿಟ್ಲ್ಸ್ ಮೊದಲಾದವರೂ ವಿಚಾರಿಸಿದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿ ಆದದ್ದೆಂದು ಗೊತ್ತಾಯಿತು. ರೂಢಿಯು ಈಗ ಕಡಮೆಯಾಗುತ್ತಿದ್ದರೂ ಹೀಗೆ ಅಡಗಿದ ದೋಷಗಳು ಕೂಡಿಕೊಳ್ಳಲು ಅವಕಾಶವಿದ್ದೇ ಇದೆ.

ಆದರೆ ಬಹುಪಾಲು ಹೃದಯಾಘಾತಗಳು ಒಂದು ಜೀನಿನಿಂದ ಆಗತಕ್ಕವಲ್ಲ. ಒಂಬತ್ತನೆಯ ವರ್ಣತಂತುವಿನಲ್ಲಿ ಧಮನೀರೋಗಕ್ಕೆ ಸಂಬಂಧಿಸಿದ ಒಂದು ಸ್ಥಾನವನ್ನು ೨೦೦೭ರಲ್ಲಿ ಗುರುತಿಸಿದರು; ಅಲ್ಲಿಂದೀಚೆಗೆ ಅಂತಹ ಸ್ಥಾನಗಳು ನೂರಾರು ಸಿಕ್ಕಿವೆ. ಒಂದೊಂದರ ಬಲವೂ ಅತ್ಯಲ್ಪ. ಹನಿ ಸೇರಿ ಕೆರೆ ತುಂಬುವ ಹಾಗೆ ಕೆಲವರಲ್ಲಿ ಅವು ಹೆಚ್ಚಾಗಿ ಸೇರಿರುತ್ತವೆ.

ಹೀಗಿರಲು ಬೀಜವೊಂದೇ ಕಾರಣವೋ, ಆಚಾರವೂ ಕಾರಣವೋ? ಈ ಪ್ರಶ್ನೆಯನ್ನು ನಮ್ಮ ಊರಿನಲ್ಲಿಯೇ ಪರೀಕ್ಷೆಗೆ ಇಟ್ಟವರು ಸಂತ ಜಾನರ ವೈದ್ಯಕಾಲೇಜಿನ ಪ್ರೇಮ್ ಪಾಯ್ಸ್ ಅವರೂ ಅವರ ಸಂಗಡಿಗರೂ. ಮೊದಲ ಬಾರಿ ಹೃದಯಾಘಾತವಾದ ೨೦೦ ಮಂದಿಯನ್ನೂ, ಆಗದಿದ್ದ ೨೦೦ ಮಂದಿಯನ್ನೂ ತೆಗೆದುಕೊಂಡು ಇಬ್ಬರಲ್ಲಿಯೂ ಯಾವುದು ಹೆಚ್ಚು ಯಾವುದು ಕಡಮೆಯೆಂದು ಅಳೆದರು. ನೈಯಾಯಿಕರ ಅನ್ವಯವ್ಯತಿರೇಕಗಳೇ ಇಲ್ಲಿಯ ಕ್ರಮ. ಫಲಿತಾಂಶವು ೧೯೯೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಬೀಡಿ ಸಿಗರೇಟು ಸೇದುವವರಿಗೆ ಅಪಾಯದ ಅನುಪಾತವು ೩.೬, ದಿನಕ್ಕೆ ಹತ್ತು ಅಥವಾ ಅದಕ್ಕೂ ಹೆಚ್ಚು ಸೇದುವವರಿಗೆ ೬.೭. ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಸುಮಾರು ಎರಡೂವರೆಗೆ ಮೇಲೆ. ಇವು ನಿರೀಕ್ಷಿತವಾದವು. ನಿರೀಕ್ಷಿಸದೆ ಬಂದದ್ದು ಬೇರೆ ಎರಡು. ಬೆಳಗಿನ ಬರಿಹೊಟ್ಟೆಯ ರಕ್ತದ ಸಕ್ಕರೆಯು ಮಧುಮೇಹದ ಗೆರೆಯನ್ನು ಮುಟ್ಟದೆ ಸಹಜವೆನಿಸುವ ಮಿತಿಯೊಳಗೇ ಇದ್ದರೂ, ಅದು ಏರಿದಷ್ಟೂ ಅಪಾಯವು ಏರುತ್ತ ಹೋಯಿತು. ಹಾಗೆಯೇ ಸೊಂಟದ ಸುತ್ತಳತೆಯನ್ನು ನಿತಂಬದ ಸುತ್ತಳತೆಯಿಂದ ಭಾಗಿಸಿದಾಗ ಬರುವ ಲಬ್ಧವು ಹೆಚ್ಚಿದಷ್ಟೂ ಅಪಾಯವು ಹೆಚ್ಚಿತು. ಇದನ್ನು ಕೇಳಿದಾಗ ನನ್ನ ತಮ್ಮನ ಸಣ್ಣ ಕೈಕಾಲುಗಳೂ ಮುಂದೆ ಬಂದ ಹೊಟ್ಟೆಯೂ ಕಣ್ಣಮುಂದೆ ನಿಂತವು.

ಇನ್ನೊಂದು ಮಾತನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೇ ಆಗುತ್ತದೆ. ಆ ಶೋಧನೆಯಲ್ಲಿ ಶಾಕಾಹಾರಿಗಳಿಗೆ ಅಪಾಯವು ಮೊದಲ ನೋಟಕ್ಕೆ ಕಡಮೆಯೆಂದು ಕಂಡಿತು. ಆದರೆ ಧೂಮಪಾನ ಮುಂತಾದ ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ರಕ್ಷಣೆಯು ನಿಲ್ಲಲಿಲ್ಲ. ಎಲ್ಲಿ ಬೆಂಕಿಯೋ ಅಲ್ಲಿ ಹೊಗೆಯೆಂಬ ಅನುಮಾನವು ಹಸಿ ಸೌದೆಯೆಂಬ ಉಪಾಧಿಯಿಂದ ಕೆಡುವುದೆಂದು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. ಸೊಪ್ಪುಕಾಯಿಗಳನ್ನು ತಿಂದವನು ಬದುಕಿದ್ದು ಅದರಿಂದಲೋ, ಅಥವಾ ಅಂತಹವನು ಬೀಡಿಯನ್ನು ಸೇದದೆ ಇದ್ದುದರಿಂದಲೋ ಎಂಬುದು ಇಲ್ಲಿಯ ಉಪಾಧಿವಿಚಾರ. ನಮ್ಮ ಮನೆಗಳಲ್ಲಿ ಸಾತ್ತ್ವಿಕವೆಂದು ಕರೆಯುವ ಊಟದಲ್ಲಿ ಮೂರು ಪಾಲು ಬಿಳಿಯ ಅನ್ನ; ಹಬ್ಬಗಳಲ್ಲಿ ಒಬ್ಬಟ್ಟು, ತುಪ್ಪ; ಊಟದ ಮೇಲೆ ನಿದ್ದೆ. ಇದು ಮಾಂಸವಿಲ್ಲದ ಊಟ ಹೌದು, ಹೃದಯಕ್ಕೆ ಕವಚವೆನ್ನಲು ಆಧಾರವಿಲ್ಲ.

ಸಂತ ಜಾನರ ಕಾಲೇಜಿನಲ್ಲಿಯೇ ಓದಿ ಕೆನಡಾ ದೇಶಕ್ಕೆ ಹೋಗಿ ನೆಲೆಸಿದ ಸಲೀಂ ಯೂಸುಫರು ಈ ಬೆಂಗಳೂರಿನ ಪ್ರಬಂಧದಲ್ಲಿಯೂ ಪಾಲುಗಾರರು. ಅವರೇ ಮುಂದೆ ನಿಂತು ೫೨ ದೇಶಗಳಲ್ಲಿ ಇದೇ ಕ್ರಮದ ಶೋಧನೆಯನ್ನು ನಡೆಸಿ ೨೦೦೪ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ೪೦೦ ಜನರಲ್ಲಿ ಕೊಲೆಸ್ಟೆರಾಲಿಗೂ ರೋಗಕ್ಕೂ ಸಂಬಂಧವು ಕಂಡಿರಲಿಲ್ಲ. ಸುಮಾರು ೩೦,೦೦೦ ಜನರನ್ನು ನೋಡಿದ ಈ ದೊಡ್ಡ ಶೋಧನೆಯಲ್ಲಿ ಕೊಬ್ಬಿನ ಕಣಗಳ ಸಂಬಂಧವು ಬಲವಾಗಿ ಕಂಡಿತು. ಆದುದರಿಂದ ಮೊದಲನೆಯದನ್ನು ಮಾತ್ರ ಓದಿ ಕೊಲೆಸ್ಟೆರಾಲಿಗೆ ಹೆದರಬೇಕಾಗಿಲ್ಲವೆಂದು ಹೇಳತಕ್ಕದ್ದಲ್ಲ. ಆ ದತ್ತಾಂಶವನ್ನೇ ಹಿಡಿದು ೨೦೦೭ರಲ್ಲಿ ಬಂದ ಇನ್ನೊಂದು ಪ್ರಬಂಧವು, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಮ ವಯಸ್ಸು ೫೩ ಎಂದೂ ಇತರ ದೇಶದವರಿಗೆ ಸುಮಾರು ೫೯ ಎಂದೂ ತೋರಿಸಿತು. ಈ ಆರು ವರ್ಷಗಳ ಅಂತರಕ್ಕೆ ಬಹುಮಟ್ಟಿಗೆ ಕಾರಣವು, ಮೇಲೆ ಹೇಳಿದ ಅಪಾಯಕಾರಣಗಳು ನಮ್ಮವರಲ್ಲಿ ಎಳೆವಯಸ್ಸಿನಲ್ಲಿಯೇ ಸೇರಿಕೊಳ್ಳುವುದು.

ಎಳೆವಯಸ್ಸೆಂದರೆ ಎಷ್ಟು ಎಳೆಯದು? ಇದಕ್ಕೆ ಮೈಸೂರು ಕೊಟ್ಟ ಉತ್ತರವು ಅಚ್ಚರಿಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೩೪ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಇವನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಎಸೆಯದೆ ಉಳಿಸಿದ ಗುಮಾಸ್ತರನ್ನು ಶಾಸನಗಳನ್ನು ಕಾಯ್ದುಕೊಟ್ಟವರಷ್ಟೇ ಸ್ಮರಿಸಬೇಕು. ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಇವರೂ ಇಲ್ಲಿಯ ವೈದ್ಯರೂ ಸೇರಿ, ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಇದೂ ೧೯೯೬ರ ಲ್ಯಾನ್ಸೆಟ್ಟಿನಲ್ಲಿಯೇ ಬಂದಿತು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ಧಮನೀರೋಗವಿತ್ತು. ಮೂರು ಕಿಲೋಗ್ರಾಮಿಗೂ ಮೇಲೆ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ ಮೂರು ಮಾತ್ರ. ಶಿಶುವೂ ಸಣ್ಣದು, ತಾಯಿಯ ತೂಕವೂ ಬಸಿರಿನಲ್ಲಿ ೪೫ ಕಿಲೋಗ್ರಾಮಿಗಿಂತ ಕಡಮೆ ಎಂಬಲ್ಲಿ ಅದು ನೂರಕ್ಕೆ ೨೦ಕ್ಕೆ ಏರಿತು.

ಸುಶ್ರುತನು ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕನ್ನು ಹೇಳುತ್ತಾನೆ. ವಂಶದಲ್ಲಿ ಬಂದದ್ದೆಂದು ನಾವು ಬೀಜವೊಂದಕ್ಕೇ ಹೊರಿಸುವುದರಲ್ಲಿ ಕ್ಷೇತ್ರದ ಪಾಲೂ ಅಂಬುವಿನ ಪಾಲೂ ಎಷ್ಟಿದೆಯೋ! ಹಸಿದ ತಾಯಿಯ ಗರ್ಭದಲ್ಲಿ ಬೆಳೆದ ಶರೀರವು ಅಲ್ಪದಲ್ಲಿ ಬದುಕಲು ಅಳವಟ್ಟು, ಮುಂದೆ ಹೇರಳವಾದ ಅನ್ನವನ್ನು ಕಂಡಾಗ ಅದನ್ನು ಹೊಟ್ಟೆಯ ಸುತ್ತ ಕೊಬ್ಬಾಗಿ ಕೂಡಿಡುತ್ತದೆಯೆಂದು ಈ ವಿದ್ವಾಂಸರ ಅಭಿಪ್ರಾಯ. ನಮ್ಮ ತಾಯಿಯವರು ತಮ್ಮನನ್ನು ಬಸುರಿಯಾಗಿದ್ದ ವರ್ಷ ಮನೆಯಲ್ಲಿ ಒಪ್ಪೊತ್ತು ಊಟವಿತ್ತೆಂಬುದು ನನಗೆ ನೆನಪಿದೆ. ತಂದೆಯವರು ಬಾಲ್ಯವನ್ನು ಕಳೆದದ್ದೂ ಬರದಲ್ಲಿಯೇ.

ಪ್ರಮೇಹದ ವಿಚಾರದಲ್ಲಿ ಸುಶ್ರುತನು ಇನ್ನೂ ಸ್ಪಷ್ಟವಾಗಿ ಎರಡು ಬಗೆಗಳನ್ನು ವಿಂಗಡಿಸುತ್ತಾನೆ: ಮಾತಾಪಿತೃಗಳ ಬೀಜದೋಷದಿಂದ ಬಂದ ಸಹಜವೊಂದು, ಅಪಥ್ಯದಿಂದ ಬಂದದ್ದು ಇನ್ನೊಂದು. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ. ಈ ವಿಭಾಗವು ಈಗಿನ ಮಧುಮೇಹದ ಎರಡು ವರ್ಗಗಳನ್ನು ನೆನಪಿಗೆ ತರುವುದು ನಿಜವಾದರೂ, ನಮ್ಮ ಜನರಲ್ಲಿ ಹೆಚ್ಚಾಗಿ ಕಾಣುವವನು ಕೈಕಾಲುಗಳಲ್ಲಿ ಕೃಶ, ಹೊಟ್ಟೆಯಲ್ಲಿ ಸ್ಥೂಲ. ಬೀಜವೂ ಅಪಥ್ಯವೂ ಅವನಲ್ಲಿ ಕೂಡಿವೆ. ಅಪಥ್ಯನಿಮಿತ್ತವಾದುದಕ್ಕೆ ಸುಶ್ರುತನ ಚಿಕಿತ್ಸೆಯು ಮಾತ್ರ ಸ್ವಾರಸ್ಯವಾಗಿದೆ. ಹಣವಿಲ್ಲದವನು ಕೆರವೂ ಕೊಡೆಯೂ ಇಲ್ಲದೆ ನೂರು ಯೋಜನ ನಡೆಯಬೇಕು, ಬಾವಿಯನ್ನು ತೋಡಬೇಕು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಯಂತ್ರದ ಪಟ್ಟಿಯ ಮೇಲೆ ನಿಂತಲ್ಲಿಯೇ ನಡೆಯಲು ತಿಂಗಳಿಗೆ ಸಾವಿರಾರು ರೂಪಾಯಿಗಳನ್ನು ಕೊಡುವವರನ್ನು ಕಂಡಾಗಲೆಲ್ಲ ನನಗೆ ಈ ಬಾವಿಯ ನೆನಪಾಗುತ್ತದೆ.

ಬೀಜವು ಕೆಟ್ಟವನಿಗೆ ಆಚಾರದಿಂದ ಪ್ರಯೋಜನವಿದೆಯೇ ಎಂಬುದೇ ಹುಡುಗನ ಮುಖ್ಯವಾದ ಸಂದೇಹವಾಗಿತ್ತು. ಚರಕನು ಪ್ರಮೇಹಿಯ ಮಗನಾಗಿ ಹುಟ್ಟಿದ ಪ್ರಮೇಹಿಯನ್ನು ಅಸಾಧ್ಯನೆಂದಿದ್ದಾನೆ. ಈ ಒಂದು ಅಂಶದಲ್ಲಿ ನಾನು ಚರಕನನ್ನು ಬಿಟ್ಟು ಈಚಿನವರ ಪ್ರಮಾಣವನ್ನು ಹಿಡಿಯುತ್ತೇನೆ. ಅಮೆರಿಕದಲ್ಲಿ ಖೇರಾ ಮೊದಲಾದವರು ೫೫,೦೦೦ಕ್ಕೂ ಹೆಚ್ಚು ಜನರ ಜೀನುಗಳನ್ನೂ ನಡೆನುಡಿಗಳನ್ನೂ ತೂಗಿ ೨೦೧೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜೀನುಗಳ ಅಪಾಯವು ಅತ್ಯಧಿಕವಾಗಿದ್ದವರಲ್ಲಿಯೂ ಧೂಮಪಾನವಿಲ್ಲದೆ, ಬೊಜ್ಜಿಲ್ಲದೆ, ವ್ಯಾಯಾಮ ಮಾಡಿ ಹಿತವಾಗಿ ಉಂಡವರಿಗೆ ಹೃದಯಾಘಾತಾದಿಗಳು, ಹಾಗೆ ನಡೆಯದವರಿಗಿಂತ ಹತ್ತಿರಹತ್ತಿರ ಅರ್ಧದಷ್ಟು ಕಡಮೆಯಾಗಿದ್ದವು. ಅವರು ನೋಡಿದವರಲ್ಲಿ ಬಹುಮಂದಿ ಪಾಶ್ಚಾತ್ಯರೆಂಬ ಆಕ್ಷೇಪವುಂಟು. ನಮ್ಮವರ ಮೂಲಪಾಠಗಳೇ ಬೇಕೆಂದು ಭಾರತೀಯ ವಿಜ್ಞಾನಸಂಸ್ಥೆಯ ಮಿದುಳು ಸಂಶೋಧನಾಕೇಂದ್ರದ ನೇತೃತ್ವದಲ್ಲಿ ದೇಶದ ೧೦,೦೦೦ ಜನರ ಡಿಎನ್‌ಎಯನ್ನು ಆದ್ಯಂತವಾಗಿ ಓದುವ ಕಾರ್ಯವು ನಡೆದು, ಅದು ಮುಗಿಯಿತೆಂದು ೨೦೨೪ರಲ್ಲಿ ತಿಳಿಸಿದರು.

ಹುಡುಗನನ್ನು ಮಿತ್ರರು ಪರೀಕ್ಷೆ ಮಾಡಿಸಿದರು. ಪ್ರತಿಧ್ವನಿಯಿಂದ ಹೃದಯವನ್ನು ನೋಡುವ ಯಂತ್ರದಲ್ಲಿ ಸ್ನಾಯುವು ಸರಿಯಾದ ದಪ್ಪದಲ್ಲಿಯೇ ಇತ್ತು. ಜೀನನ್ನು ಪೂರ್ತಿಯಾಗಿ ಓದಿಸಲಾಗಿ ಆ ಇನ್ನೊಂದು ಅಕ್ಷರದ ವ್ಯತ್ಯಾಸವು ಕಾಣಲಿಲ್ಲ. ಆದರೆ ೨೭ ವರ್ಷದ ಅವನ ಬರಿಹೊಟ್ಟೆಯ ಸಕ್ಕರೆಯು ೧೦೯ ಇತ್ತು. ಸೊಂಟದ ಅಳತೆ ತಂದೆಯದೇ. ಕೆಂಪಕ್ಷರದ ವರದಿಯಲ್ಲಿ ಇವೆರಡರ ಮಾತೂ ಇರಲಿಲ್ಲ. ನಾನು ಎಲ್ಲ ಕಾಗದಗಳನ್ನೂ ತೆಗೆದುಕೊಂಡು ಹುಡುಗನೊಡನೆ ಕೃಷ್ಣರಾಜಪುರಕ್ಕೆ ಹೋಗಿ, ಮೇಲೆ ಬರೆದಿರುವುದನ್ನು ಸಂಕ್ಷೇಪವಾಗಿ ಹೇಳಿದೆನು. ಹೆಣ್ಣಿನ ತಂದೆಯವರು ಕೇಳಿ ಮುಗಿಸಿ, ತಮಗೂ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವುದನ್ನು ತಾವು ಹೇಳಿರಲಿಲ್ಲವೆಂದು ಸಂಕೋಚಪಟ್ಟರು. ಹುಡುಗಿಯ ರಕ್ತವು ಕಡಮೆಯಿದೆಯೆಂದು ಅವಳ ತಾಯಿ ಒಳಗಿನಿಂದಲೇ ಹೇಳಿದರು. ಮೈಸೂರಿನ ಪುಸ್ತಕಗಳ ಮಾತನ್ನು ಆ ತಾಯಿಗೆ ನಾನು ಮತ್ತೊಮ್ಮೆ ವಿವರವಾಗಿ ಹೇಳಬೇಕಾಯಿತು. ಲಗ್ನವು ವೈಶಾಖಕ್ಕೆ ನಿಶ್ಚಯವಾಗಿದೆ. ಹುಡುಗನು ಈಗ ಹಲಸೂರಿನ ಕೆರೆಯ ಸುತ್ತ ಬೆಳಗ್ಗೆ ನಡೆಯುತ್ತಾನೆ. ಹಿಂದಿನ ತಿಂಗಳು ನೋಡಿದಾಗ ಸಕ್ಕರೆಯು ೯೮ಕ್ಕೆ ಇಳಿದಿತ್ತು.